ಚೀಲದ ಪುಂಗಿಯ ಬೆನ್ನು ಹತ್ತಿ

ರವಿವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಪುಣೆಯ ಹಿಂಜವಾಡಿಯ ನಮ್ಮ ಸೊಸೈಟಿಯ ಗೋಡೆಯಾಚೆಯಿಂದ ಒಂದು ಸದ್ದು ಬಂತು. ಮೊದಲು ಯಾರೋ ಬೆಕ್ಕಿನ ಬಾಲ ತುಳಿದಂತೆ ಕೇಳಿಸಿತು. ಆಮೇಲೆ ಆ ಬೆಕ್ಕು ಸಮಾಧಾನ ಮಾಡಿಕೊಂಡು ಒಂದೇ ಸ್ವರವನ್ನು ಗಟ್ಟಿಯಾಗಿ ಹಿಡಿಯಿತು. ಅದರ ಬೆನ್ನ ಮೇಲೆ ಇನ್ನೊಂದು ಬೆಕ್ಕು ಹತ್ತಿ ಕುಣಿಯತೊಡಗಿತು. ಬ್ಯಾಗ್‌ಪೈಪ್! ನನ್ನ ಎಡಗಾಲು ನನ್ನನ್ನು ಒಂದು ಮಾತು ಕೇಳದೆ ಎದ್ದು ನಿಂತಿತು. ಬಲಗಾಲು ಚಪ್ಪಲಿ ಹುಡುಕತೊಡಗಿತು.

ಒಳಗಿನಿಂದ ನನ್ನ ಹೆಂಡತಿ ಸುಮಿತ್ರಾ ಕೂಗಿದಳು. "ಹೋಗಬ್ಯಾಡ್ರಿ."

"ಎಲ್ಲಿ ಹೊಂಟೇನಿ? ಇಲ್ಲೇ ಕೂತೇನಲ್ಲ."

"ಕೂತವರ ಚಪ್ಪಲಿ ಸಪ್ಪಳ ಹಿಂಗ ಬರಂಗಿಲ್ಲ. ಹೋಗೋದ ಖರೆ ಇದ್ರ ಬರೋ ಮುಂದ ಕೊತ್ತಂಬ್ರಿ ತಗೊಂಡ ಬರ್ರಿ."

ಬೇರೆಯವರ ಹೆಂಡಂದಿರು ಗಂಡ ಕುಡಿಯಲು ಹೋದಾನೆಂದು ಹೆದರುತ್ತಾರೆ, ಇಸ್ಪೀಟಿಗೆ ಹೋದಾನೆಂದು ಹೆದರುತ್ತಾರೆ. ನನ್ನವಳಿಗೆ ಗಂಡ ಬ್ಯಾಗ್‌ಪೈಪಿನ ಹಿಂದೆ ಹೋದಾನೆಂಬ ಹೆದರಿಕೆ. ಇದಕ್ಕೆ ಕಾರಣವಿದೆ. ಈ ವಾದ್ಯದ ದೆಸೆಯಿಂದ ನಮ್ಮ ಲಗ್ನವೇ ಮುರಿದು ಬೀಳುವುದರಲ್ಲಿತ್ತು. ಆ ಕಥೆ ನಿಮಗೆ ಹೇಳಬೇಕೆಂದರೆ ಮೊದಲು ಬಂಡೂ ಮಾಮಾನ ಬೆನ್ನಿನ ವಿಷಯ ಹೇಳಬೇಕು.

ಬಂಡೂ ಮಾಮಾ ನನ್ನ ತಾಯಿಯ ಅಣ್ಣ, ಬೆಳಗಾವಿಯವನು, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಅವನ ಮುಖ ಹೇಗಿದೆಯೆಂದು ಕೇಳಿದರೆ ನಮ್ಮ ಬಳಗದ ಅರ್ಧ ಮಂದಿಗೆ ಹೇಳಲು ಬರುವುದಿಲ್ಲ. ಬೆನ್ನು ಕೇಳಿ, ಚಿತ್ರ ಬರೆದು ಕೊಡುತ್ತಾರೆ. ಎರಡೂ ಕೈ ಹಿಂದೆ ಕಟ್ಟಿ, ತಲೆ ಸ್ವಲ್ಪ ಮೇಲೆತ್ತಿ, ಎಲ್ಲಿಗೆ ಹೋಗುವುದಿದ್ದರೂ ಎಲ್ಲರಿಗಿಂತ ಮುಂದೆ ನಡೆಯುವುದು ಅವನ ಸ್ವಭಾವ. ದಾರಿ ಗೊತ್ತಿರಬೇಕೆಂಬ ನಿಯಮವೇನೂ ಇರಲಿಲ್ಲ. ಒಮ್ಮೆ ಪುಣೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಮಾಮಾ ಭರಭರ ನಡೆದ. ನಾವೆಲ್ಲ ಹಿಂದೆ. ನಮ್ಮ ಹಿಂದೆ ಗುರುತು ಪರಿಚಯವಿಲ್ಲದ ಇನ್ನೊಂದು ಸಂಸಾರ, ಟ್ರಂಕು ಹೊತ್ತುಕೊಂಡು. ಮಾಮಾ ಹೋಗಿ ನಿಂತದ್ದು ಗಂಡಸರ ಮೂತ್ರಿಮನೆಯ ಮುಂದೆ. ಆ ಸಂಸಾರದ ಯಜಮಾನ ಟ್ರಂಕು ಕುಕ್ಕಿ ನಮ್ಮ ಮೇಲೆಯೇ ಸಿಟ್ಟಾದ.

"ನಿಮಗ ಯಾರ ಬರ್ರಿ ಅಂದಿದ್ರು?" ಎಂದ ಮಾಮಾ.

"ಯಾರೂ ಅನ್ನಲಿಲ್ರಿ," ಎಂದ ಆತ. "ಆದ್ರ ನೀವು ನಡ್ಯೋದ ಹಂಗಿತ್ತು."

ನಾನು ಆಗ ಭೋಸರಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸದಲ್ಲಿದ್ದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೋಲ್ಟನ್ನು ತಿರುಗಿ ಕಳಿಸುವ ಅಧಿಕಾರ ನನಗಿತ್ತು. ಮಾಮಾನ ಮುಂದೆ ಮಾತ್ರ ಆ ಅಧಿಕಾರ ನಡೆಯುತ್ತಿರಲಿಲ್ಲ. ನನಗೆ ಹೆಣ್ಣು ನೋಡಲು ಚಿಂಚವಾಡಕ್ಕೆ ಹೋದ ದಿನವೂ ಮುಂದೆ ಮಾಮಾನೇ. ಅದೊಂದು ಕಾರ್ಮಿಕರ ಕಾಲನಿ. ಎಲ್ಲ ಮನೆಗಳಿಗೂ ಒಂದೇ ಹಳದಿ ಬಣ್ಣ, ಒಂದೇ ಹಸಿರು ಬಾಗಿಲು. ಮಾಮಾ ಒಂದು ಬಾಗಿಲನ್ನು ಆರಿಸಿಕೊಂಡು ಒಳಗೆ ನಡೆದ. ಒಳಗೆ ತೋರಣ, ಜನಜಂಗುಳಿ. ನಮ್ಮನ್ನು ಕೂಡಿಸಿದರು, ಗುಲಾಬಿ ನೀರು ಚಿಮುಕಿಸಿದರು, ಪುರಿ ಶ್ರೀಖಂಡ ಬಡಿಸಿದರು. ಇಷ್ಟು ಉಪಚಾರ ಕಂಡು ನಮ್ಮವ್ವನಿಗೆ ಸಂಬಂಧ ಅಲ್ಲೇ ಪಸಂದಾಗಿತ್ತು. ಊಟ ಮುಗಿಯುತ್ತ ಬಂದಾಗ ಕೋಣೆಯಿಂದ ಒಂದು ಕೂಸನ್ನು ತಂದು ತೊಟ್ಟಿಲಲ್ಲಿ ಹಾಕಿದರು. ಅದು ಹೆಸರಿಡುವ ಕಾರ್ಯಕ್ರಮವಾಗಿತ್ತು.

ಮಾಮಾ ನನ್ನ ಕಿವಿಯಲ್ಲಿ ಹೇಳಿದ: "ಹುಡುಗಿ ಸ್ವಲ್ಪ ಸಣ್ಣಾಕಿ ಅನಸ್ತದ."

ಅಲ್ಲಿಂದ ಎದ್ದು, ಹೊಟ್ಟೆ ಭಾರ ಮಾಡಿಕೊಂಡು, ಸರಿಯಾದ ಹಸಿರು ಬಾಗಿಲು ಹುಡುಕುವಷ್ಟರಲ್ಲಿ ಸುಮಿತ್ರಾಳ ಮನೆಯ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಬಾಗಿಲಲ್ಲಿ ಅವಳ ಅಜ್ಜ ನಿಂತಿದ್ದರು. ಅವರು ರೇಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಜೀವಮಾನವೆಲ್ಲ ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು, ಮುಂದಿನವರ ತಪ್ಪನ್ನು ಹಿಂದಿನಿಂದ ನೋಡುತ್ತ ಬಂದವರು. ಕೈಯಲ್ಲಿ ಗಡಿಯಾರ ಹಿಡಿದುಕೊಂಡೇ ನಮಗೆ ನಮಸ್ಕಾರ ಮಾಡಿದರು. ಹುಡುಗಿ ಅವಲಕ್ಕಿ ಚೂಡಾದ ಬಸಿ ನನ್ನ ಮುಂದಿಟ್ಟು, ಮಾಮಾನ ಬೆನ್ನನ್ನೂ ನನ್ನನ್ನೂ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು: "ನೀವು ಯಾವಾಗಲೂ ಅವರ ಹಿಂದನ ಹೋಗ್ತೀರೇನ್ರಿ?"

ಈ ಪ್ರಶ್ನೆ ಕೇಳಿದವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಲಾರೆ ಎಂಬುದು ಆ ಕ್ಷಣಕ್ಕೇ ಗೊತ್ತಾಯಿತು.

ಗಾರ್ಡ್ ಅಜ್ಜ ಒಪ್ಪಿದರು, ಆದರೆ ಒಂದು ಕರಾರು ಹಾಕಿ. "ಗಾಡಿ ಲೇಟ್ ಆದ್ರ ಪ್ಯಾಸೆಂಜರ್ ಕಾಯ್ತಾನ. ಮುಹೂರ್ತ ಕಾಯಂಗಿಲ್ಲ. ಹೊತ್ತು ಮೀರಿತು ಅಂದ್ರ ನಾ ಕೆಂಪು ನಿಶಾನಿ ತೋರಸಾಂವ. ಲಗ್ನ ಇಲ್ಲ." ಸಿಕ್ಕ ಮುಹೂರ್ತವೋ ಚಾತುರ್ಮಾಸದ ಹಿಂದಿನ ಕಟ್ಟಕಡೆಯದು. ಅದು ತಪ್ಪಿದರೆ ತುಳಸಿ ಲಗ್ನ ಆಗುವವರೆಗೆ ಪಂಚಾಂಗದಲ್ಲಿ ದಾರಿಯಿಲ್ಲ. ಅಷ್ಟರಲ್ಲಿ ಅಜ್ಜ ಹೊತ್ತಿಗೆ ಸರಿಯಾಗಿ ಬರುವ ಬೇರೆ ವರನನ್ನು ಹುಡುಕದೆ ಬಿಡುವವರಲ್ಲ. ನಮ್ಮ ಸೋದರತ್ತೆ ಸಮಾಧಾನ ಹೇಳಿದಳು: "ಹುಚ್ಚು ಬಿಡದ ಹೊರತು ಲಗ್ನ ಆಗಂಗಿಲ್ಲ, ಲಗ್ನ ಆಗದ ಹೊರತು ಹುಚ್ಚು ಬಿಡಂಗಿಲ್ಲ." ನಮ್ಮ ಮನೆಯಲ್ಲಿ ಹುಚ್ಚು ಯಾರದು ಎಂದು ಮಾತ್ರ ಹೇಳಲಿಲ್ಲ.

ಇನ್ನು ಬ್ಯಾಗ್‌ಪೈಪಿಗೆ ಬರೋಣ. ಪುಣೆಯಲ್ಲಿ ಲಗ್ನವೆಂದರೆ ಬ್ಯಾಂಡು, ಬ್ಯಾಂಡೆಂದರೆ ತುತ್ತೂರಿ. ಮಾಮಾನಿಗೆ ತುತ್ತೂರಿ ಆಗದು. ಅವನ ಹುಡುಗತನದಲ್ಲಿ ಬೆಳಗಾವಿಯ ಕ್ಯಾಂಪಿನ ರಸ್ತೆಯಲ್ಲಿ ಸಿಪಾಯಿಗಳು ಬ್ಯಾಗ್‌ಪೈಪ್ ಊದುತ್ತ ಹೋಗುತ್ತಿದ್ದರಂತೆ. ಮಾಮಾ ಅದಕ್ಕೆ ಚೀಲದ ಪುಂಗಿ ಅನ್ನುತ್ತಿದ್ದ. ಸಾಲಿಗೆಂದು ಮನೆ ಬಿಟ್ಟವನು ಚೀಲದ ಪುಂಗಿಯ ಬೆನ್ನು ಹತ್ತಿ ಫೈರಿಂಗ್ ಮೈದಾನದ ತನಕ ಹೋಗಿ, ಸಂಜೆ ಮನೆಗೆ ಬಂದು ಒದೆ ತಿಂದಿದ್ದನಂತೆ. "ಆ ದನಿ ಕೇಳಿದ್ರ ನನಗ ಅಂಗಾಲ ಕಡೀತಾವ," ಎನ್ನುತ್ತಿದ್ದ. ನನ್ನ ಲಗ್ನಕ್ಕೆ ಅದೇ ಆಗಬೇಕೆಂದು ಖಡಕಿಯ ಕಡೆಯಿಂದ ಒಬ್ಬ ನಿವೃತ್ತ ಸಿಪಾಯಿಯನ್ನು ಹಿಡಿದು ತಂದ. ನಾವು ಅವರಿಗೆ ಹವಾಲ್ದಾರ್ ಕಾಕಾ ಎಂದೆವು. ಅಪ್ಪಟ ಮರಾಠಿ ಮನುಷ್ಯ. ಪೇಟದ ಮೇಲೆ ತುರಾಯಿ, ಹೆಗಲ ಮೇಲೆ ಚೌಕಳಿ ಬಟ್ಟೆ, ಕಂಕುಳಲ್ಲಿ ಚೀಲ, ಹಿಂದೆ ಎರಡು ನಗಾರಿ. ಹೇಳಿದಷ್ಟು ಮಾಡುವುದು, ಕೇಳಿದ್ದಕ್ಕೆ ಸಲಾಮು ಹೊಡೆಯುವುದು ಅವರ ಪದ್ಧತಿ.

ಈ ವಾದ್ಯದ ಒಂದು ಗುಣ ನೀವು ಗಮನಿಸಿದ್ದೀರೋ ಇಲ್ಲವೋ. ಸನಾದಿಯವನು ನಡುನಡುವೆ ತುಟಿ ಒರೆಸಿಕೊಳ್ಳುತ್ತಾನೆ, ತುತ್ತೂರಿಯವನು ಚಹಾ ಕುಡಿಯುತ್ತಾನೆ. ಆಗ ಹಿಂದಿನವರಿಗೆ "ಎಲ್ಲಿಗೆ ಹೊಂಟೇವಿ?" ಎಂದು ಕೇಳಿಕೊಳ್ಳಲು ಪುರಸೊತ್ತು ಸಿಗುತ್ತದೆ. ಬ್ಯಾಗ್‌ಪೈಪಿನಲ್ಲಿ ಆ ಪುರಸೊತ್ತಿಲ್ಲ. ಊದುವವನು ಉಸಿರು ತೆಗೆದುಕೊಂಡರೂ ಚೀಲ ತನ್ನಷ್ಟಕ್ಕೆ ಹಾಡುತ್ತಿರುತ್ತದೆ. ಮನುಷ್ಯನ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿ ಬಾಯಿಗೆ ಬರಲು ಬೇಕಾಗುವಷ್ಟು ಸುಮ್ಮನಿರುವಿಕೆ ಅದರಲ್ಲಿಲ್ಲ. ಕೆಲವು ಪುಢಾರಿಗಳ ಭಾಷಣವೂ ಹೀಗೆಯೇ ಇರುತ್ತದೆ, ಆದರೆ ಅವರ ಜೊತೆ ನಗಾರಿ ಇರುವುದಿಲ್ಲವಾದ್ದರಿಂದ ನಾನು ಹೋಗುವುದಿಲ್ಲ.

ಲಗ್ನದ ದಿನ ನಮ್ಮ ಪದ್ಧತಿಯಂತೆ ವರನನ್ನು ಮೊದಲು ಮಾರುತಿಯ ಗುಡಿಗೆ ಕರೆದೊಯ್ದರು. ಗುಡಿ ಇದ್ದದ್ದು ಹಳೆಯ ಪೇಟೆಯಲ್ಲಿ. ಬಾಗಿಲಿನಿಂದ ಎಡಕ್ಕೆ ಹೊರಳಿದರೆ ನೇರ ರಸ್ತೆಯ ತುದಿಗೆ ಮಂಗಲ ಕಾರ್ಯಾಲಯ. ಕುದುರೆಗೆ ಬಿಟ್ಟರೂ ತಪ್ಪದ ದಾರಿ. ಬಲಕ್ಕೆ ಹೊರಳಿದರೆ ಇಳಿಜಾರು, ಅದರ ಕೆಳಗೆ ಮುಠಾ ನದಿ. ದರ್ಶನ ಮುಗಿಸಿ ನಾನು ಕುದುರೆ ಹತ್ತಿದೆ. ಹಣೆಗೆ ಕಟ್ಟಿದ ಬಾಸಿಂಗದ ಹೂವಿನ ಸರಗಳು ಮುಖದ ತುಂಬ. ನನಗೆ ಕಾಣುತ್ತಿದ್ದದ್ದು ಕುದುರೆಯ ಎರಡು ಕಿವಿ, ಅವುಗಳ ನಡುವೆ ಬಂಡೂ ಮಾಮಾನ ಬೆನ್ನು.

ಹವಾಲ್ದಾರ್ ಕಾಕಾ ಮುಂದೆ ನಿಂತು, ಚೀಲಕ್ಕೆ ಗಾಳಿ ತುಂಬಿ, ಎತ್ತ ಹೋಗಬೇಕೆಂದು ಕೇಳಿದರು. "ಕುಠಂ?"

ಮಾಮಾ ಸಾಧಾರಣ ದಿನಗಳಲ್ಲಿ ಚಲೋ ಮರಾಠಿ ಆಡುತ್ತಾನೆ. ಆದರೆ ಆ ದನಿ ಕಿವಿಗೆ ಬಿದ್ದಿತ್ತು, ಅಂಗಾಲು ಕಡಿಯತೊಡಗಿದ್ದವು, ಮರಾಠಿ ಎಲ್ಲಿ ನೆನಪಾಗಬೇಕು? ಕೈ ಬೀಸಿ ಕೂಗಿದ. "ನಡೀ! ನಡೀ!"

"ನದೀ?" ಎಂದರು ಕಾಕಾ, ಸ್ವಲ್ಪ ಆಶ್ಚರ್ಯದಿಂದ.

"ಹಾಂ, ಹಾಂ! ನಡೀ!"

ಈ ಸಂಭಾಷಣೆಯನ್ನು ನಾನು ಕುದುರೆಯ ಮೇಲಿಂದ ಕಿವಿಯಾರೆ ಕೇಳಿದೆ. ಇಬ್ಬರೂ ಒಂದೇ ಮಾತು ಆಡುತ್ತಿದ್ದಾರೆಂದು ನನಗೆ ಸಮಾಧಾನವೂ ಆಯಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯವರ ಬಾಯಲ್ಲಿ ನದಿ ಎಂಬ ಶಬ್ದ ಬರುವುದಿಲ್ಲ. ನಾವು ಹೊಳಿ ಅನ್ನುವವರು. ನದಿ ಹರಿಯುವುದು ಸಾಲಿಯ ಪುಸ್ತಕದಲ್ಲಿ ಮಾತ್ರ. ಹೀಗಾಗಿ ಇಡೀ ದಿಬ್ಬಣದಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ. ಹಾಗೆಂದು ಮಾಮಾ ಹೊಳಿ ಎಂದಿದ್ದರೆ ಅದೂ ಸುರಕ್ಷಿತವೇನಲ್ಲ. ಮರಾಠಿಯವರಿಗೆ ಅದು ಹೋಳಿ ಹಬ್ಬ. ಕಾಕಾ ಎಲ್ಲಿಂದಲೋ ಕಟ್ಟಿಗೆ ತಂದು ಬೆಂಕಿ ಹಚ್ಚುತ್ತಿದ್ದರೋ ಏನೋ.

ಪುಂಗಿ ಮೊಳಗಿತು. ಕಾಕಾ ಬಲಕ್ಕೆ ಹೊರಳಿದರು. ಪುಂಗಿಯ ಹಿಂದೆ ಮಾಮಾ, ಮಾಮಾನ ಹಿಂದೆ ಕುದುರೆ, ಕುದುರೆಯ ಹಿಂದೆ ಇಳಕಲ್ ಸೀರೆ, ರೇಶ್ಮೆ ಧೋತರ, ಪೇಟ. ಅಡ್ಡ ಬಂದ ಸ್ಕೂಟರುಗಳು ನಿಂತವು. ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡ ಹುಡುಗಿಯರು ಕಣ್ಣಷ್ಟೇ ತೆರೆದು ನೋಡಿದರು. ಇಳಿಜಾರು ಬಂದಾಗ ನಾನು ಕುದುರೆಯ ಕುತ್ತಿಗೆಯ ಮೇಲೆ ಜಾರತೊಡಗಿದೆ. ಕಾರ್ಯಾಲಯದ ದಾರಿಯಲ್ಲಿ ಇಳಿಜಾರಿಲ್ಲವಲ್ಲ ಎಂಬ ವಿಚಾರ ಅರ್ಧ ಹುಟ್ಟಿತು. ಅಷ್ಟರಲ್ಲಿ ಪುಂಗಿ ಹೊಸ ಗತ್ತು ಹಿಡಿಯಿತು, ವಿಚಾರ ಅಲ್ಲೇ ಉಳಿಯಿತು. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಮುಠಾ ನದಿಯ ವಾಸನೆಯನ್ನು ಲಗ್ನದೂಟದ ಮಸಾಲೆಭಾತಿನ ವಾಸನೆಯೆಂದು ತಿಳಿಯಲು ಯಾವ ವರನಿಗೂ ಸಾಧ್ಯವಿಲ್ಲ.

ಬಾಸಿಂಗ ಸರಿಸಿ ನೋಡಿದೆ. ಮುಂದೆ ನೀರು. ನೀರಿನಲ್ಲಿ ಎಮ್ಮೆಗಳು. ದಂಡೆಯ ಮೇಲೆ ಹವಾಲ್ದಾರ್ ಕಾಕಾ ನಿಂತಲ್ಲೇ ಕಾಲು ಎತ್ತಿ ಹಾಕುತ್ತ ಊದುತ್ತಿದ್ದರು. ನದಿ ಎಂದದ್ದಕ್ಕೆ ನದಿಗೆ ತಂದಾಗಿತ್ತು. ಮುಂದಿನ ಹುಕುಮಿಗೆ ಕಾಯುತ್ತಿದ್ದರು.

"ಏನ್ರೀ ಇದು, ಎಲ್ಲಿಗೆ ತಂದ್ರಿ?" ಎಂದು ಮಾಮಾ ಕೂಗಿದ.

ಕಾಕಾ ಪುಂಗಿಯ ಬಾಯಿಂದ ಬಾಯಿ ತೆಗೆದು ಶಾಂತವಾಗಿ ಹೇಳಿದರು. "ತುಮ್ಹೀಚ ಮ್ಹಣಾಲಾತ, ನದೀ ನದೀ." ನೀವೇ ಅಂದದ್ದಲ್ಲವೇ ಎಂದು. ಲಗ್ನಕ್ಕೆ ಮೊದಲು ಹೊಳೆಯ ಪೂಜೆ ಮಾಡುವುದು ಕಾನಡಿ ಜನರ ರೀತಿ ಇದ್ದೀತೆಂದು ತಿಳಿದೆ ಎಂದೂ ಸೇರಿಸಿದರು.

ದಿಬ್ಬಣವೆಲ್ಲ ಮಾಮಾನ ಮುಖ ನೋಡಿತು. ಬಹಳ ಜನ ಆ ಮುಖ ನೋಡಿದ್ದು ಅದೇ ಮೊದಲು. ಬೆವರು ಇಳಿಯುತ್ತಿತ್ತು. "ನನ್ನ ಯಾಕ ನೋಡ್ತೀರಿ? ನಾ ಪುಂಗಿ ಹಿಂದ ಬಂದೆ," ಎಂದ. "ನನಗೂ ಈ ಊರಾಗ ಹಾದಿ ಗೊತ್ತಿಲ್ಲಪಾ. ಮುಂದ ಯಾರರೆ ನಡೀಬೇಕಲ್ಲ ಅಂತ ನಡೀತೇನಿ. ಹಿಂದ ಹೊಳ್ಳಿ ನೋಡಿದ್ರ ನೀವೆಲ್ಲಾ ಬರ್ತಿರ್ತೀರಿ. ಆಮ್ಯಾಲ ನಿಂದ್ರಲಿಕ್ಕ ನಾಚಿಕಿ ಬರ್ತದ."

ಸಿಟ್ಟಿನಲ್ಲೂ ನನಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಆದರೆ ಅಕ್ಕರೆಗೆ ಹೊತ್ತಿರಲಿಲ್ಲ. ಮುಹೂರ್ತ ತಲೆಯ ಮೇಲಿತ್ತು. ಕಾರ್ಯಾಲಯದ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತ ಅಜ್ಜ ಕಣ್ಣಿಗೆ ಕಟ್ಟಿದರು, ಚೂಡಾದ ಬಸಿ ಹಿಡಿದ ಸುಮಿತ್ರಾ ಕಣ್ಣಿಗೆ ಕಟ್ಟಿದಳು. ಮಾಮಾ ಗಾಬರಿಯಲ್ಲಿ ಮತ್ತೆ "ನಡೀರಿ, ನಡೀರಿ!" ಎಂದು ಶುರು ಮಾಡಿದ. ಕಾಕಾ ಎಮ್ಮೆಗಳತ್ತ ಕೈ ತೋರಿಸಿ, "ಹೀಚ ತರ ನದೀ!" ಎಂದರು. ಇದೇ ನದಿ, ಇನ್ನೆಲ್ಲಿಗೆ ಹೋಗಲಿ ಎಂದು ಅವರ ಸಂಕಟ.

ಆಗ ನನಗೆ ಧಾರವಾಡದ ಕಾಲೇಜಿನ ಎನ್‌ಸಿಸಿ ನೆನಪಾಯಿತು. ಅಲ್ಲಿ ನಾನು ಕಲಿತದ್ದು ಎರಡೇ: ಬೂಟಿಗೆ ಪಾಲಿಶ್ ಮಾಡುವುದು, ಪರೇಡಿನ ಹುಕುಮುಗಳು. ಕುದುರೆಯ ಮೇಲೆ ನೆಟ್ಟಗೆ ಕೂತು, ಹೊಟ್ಟೆಯಿಂದ ಗಾಳಿ ಎಳೆದು ಕೂಗಿದೆ.

"ಪೀಛೇ... ಮುಡ್!"

ಕಾಕಾನ ಬೂಟುಗಳು ಟಕ್ಕೆಂದವು. ಗಿರಕ್ಕನೆ ಹಿಂದೆ ಹೊರಳಿ, ಪುಂಗಿ ಬಾಯಿಗಿಟ್ಟು, ನೇರ ನಮ್ಮ ಮೇಲೆಯೇ ನಡೆದು ಬಂದರು. ಮಾಮಾ ಹೊರಳಿದ, ಕುದುರೆ ಹೊರಳಿತು, ಇಳಕಲ್ ಸೀರೆಗಳು ಹೊರಳಿದವು. ಎಲ್ಲರೂ ನಿಂತಲ್ಲೇ ತಿರುಗಿದ್ದರಿಂದ ದಿಬ್ಬಣದ ಬಾಲ ಈಗ ತಲೆಯಾಯಿತು. ಕುದುರೆಯ ಮೇಲಿಂದ ನೋಡುತ್ತೇನೆ, ಎಲ್ಲರಿಗಿಂತ ಮುಂದೆ, ಕೈಯಲ್ಲಿ ಗಡಿಯಾರ ಹಿಡಿದುಕೊಂಡು, ಸುಮಿತ್ರಾಳ ಗಾರ್ಡ್ ಅಜ್ಜ!

ಆದದ್ದಿಷ್ಟು. ವರನನ್ನು ಎದುರುಗೊಳ್ಳಲು ಅಜ್ಜ ತಮ್ಮ ಬಳಗವನ್ನೆಲ್ಲ ಕಟ್ಟಿಕೊಂಡು ಕಾರ್ಯಾಲಯದ ಬಾಗಿಲಲ್ಲಿ ನಿಂತಿದ್ದರು. ಪುಂಗಿ ಕೇಳಿಸಿತು. ಅದು ಹತ್ತಿರ ಬರುವ ಬದಲು ದೂರ ಹೋಗತೊಡಗಿತು. ಅಜ್ಜನ ಕಾಲು ಎದ್ದವು, ಅಜ್ಜನ ಹಿಂದೆ ಬಳಗ. ರಸ್ತೆಯುದ್ದಕ್ಕೂ ಓಡಿ ಬಂದು ನಮ್ಮ ದಿಬ್ಬಣದ ತುದಿಗೆ ಕೂಡಿಕೊಂಡಿದ್ದರು. ಬಳಗವನ್ನು ಮುಂದೆ ಬಿಟ್ಟು, ಹಳೆಯ ರೂಢಿಯಂತೆ ತಾವು ಕಟ್ಟಕಡೆಗೆ ನಿಂತಿದ್ದರು. ಈಗ ಗಾರ್ಡಿನ ಡಬ್ಬಿಯೇ ಇಂಜಿನ್ ಆಯಿತು. ತಾವೂ ಹೊಳೆಯ ದಂಡೆಯಲ್ಲಿ ಸಿಕ್ಕಿಬಿದ್ದ ಮೇಲೆ ಯಾರಿಗೆ ಕೆಂಪು ನಿಶಾನಿ ತೋರಿಸುವುದು? ಹೆಗಲ ಮೇಲಿನ ಶಾಲು ಅದೃಷ್ಟಕ್ಕೆ ಹಸಿರಾಗಿತ್ತು. ಅದನ್ನೇ ಬೀಸಿ ಇಳಿಜಾರನ್ನು ಹತ್ತಿದರು ನೋಡಿ, ನಮ್ಮ ಕುದುರೆ ಏದುಸಿರು ಬಿಟ್ಟಿತು.

ಕಾರ್ಯಾಲಯದಲ್ಲಿ ಉಳಿದವರು ಪುರೋಹಿತರು, ಅಡುಗೆಯವರು, ವಧು, ವಧುವಿನ ಚಿಕ್ಕಮ್ಮ. ಪುರೋಹಿತರು ಏನೋ ಹೇಳಲು ಬಾಯಿ ತೆರೆದರು. ಅಜ್ಜ ಗಡಿಯಾರವನ್ನು ಕಿಸೆಯಲ್ಲಿ ಇಳಿಬಿಟ್ಟು ಗರ್ಜಿಸಿದರು. "ಗಾಡಿ ರೈಟ್ ಟೈಮ್ ಅದ! ಮಂಗಲಾಷ್ಟಕ ಶುರು ಮಾಡ್ರಿ!" ಗಡಿಯಾರ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ. ಅಂತರಪಟ ಸರಿದಾಗ ಸುಮಿತ್ರಾ ನನ್ನ ಬೂಟಿಗೆ ಮೆತ್ತಿದ ಕೆಸರು ನೋಡಿ ತುಟಿ ಕಚ್ಚಿ ನಗು ತಡೆದಳು.

ಅಂದಿನಿಂದ ನಮ್ಮ ಮನೆಯಲ್ಲಿ ಅವಳೊಬ್ಬಳೇ ಶಾಣ್ಯಾಕಿ. ಯಾವ ಜಗಳವಾದರೂ ಕೊನೆಗೆ ಅದೇ ಮಾತು: "ಹಿರ್ಯಾರು ಕಿರ್ಯಾರು ಎಲ್ಲಾರೂ ಹೊಳಿಗೆ ಹೋಗಿದ್ರು. ಬುದ್ಧಿ ಇದ್ದಾಕಿ ನಾ ಒಬ್ಬಾಕಿನ ಉಳಿದಿದ್ದೆ." ಇದಕ್ಕೆ ನನ್ನ ಬಳಿ ಇವತ್ತಿನವರೆಗೆ ಉತ್ತರವಿರಲಿಲ್ಲ.

ಇವತ್ತು? ಇಷ್ಟು ಹೇಳುವ ಹೊತ್ತಿಗೆ ನಾನು ಗೇಟು ದಾಟಿದ್ದೆನೆಂದು ನೀವು ಊಹಿಸಿರಬಹುದು. ಪುಂಗಿಯವನು ರಸ್ತೆಯ ತಿರುವಿನಲ್ಲಿದ್ದ. ತುರಾಯಿ, ಚೌಕಳಿ ಬಟ್ಟೆ, ಹಿಂದೆ ನಗಾರಿ ಎಲ್ಲ ಇತ್ತು. ವಯಸ್ಸಾದ ಮನುಷ್ಯ, ನೆಟ್ಟಗಿನ ನಡಿಗೆ. ನಾನು ಕೈ ಹಿಂದೆ ಕಟ್ಟಿಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ಯಾರೋ ಕೇಳಿದರು. "ಅಂಕಲ್, ಏನ್ ಈವೆಂಟ್ ಇದು?" ಪಕ್ಕದ ಫ್ಲಾಟಿನ ಕಾರ್ತಿಕ್, ಮೈಸೂರಿನ ಸಾಫ್ಟ್‌ವೇರ್ ಹುಡುಗ.

"ಗೊತ್ತಿಲ್ಲಪಾ."

"ಅಯ್ಯೋ! ನೀವು ಅಷ್ಟು ಕಾನ್ಫಿಡೆಂಟಾಗಿ ಹೋಗ್ತಿದ್ರಲ್ಲ, ಅದಕ್ಕೇ ಫಾಲೋ ಮಾಡ್ದೆ!"

ತಿರುಗಿ ನೋಡಿದೆ. ಕಾರ್ತಿಕನ ಹಿಂದೆ ನಮ್ಮ ಸೊಸೈಟಿಯ ಅರ್ಧ ಭಾಗ ಬರುತ್ತಿತ್ತು, ಹಾಲಿನ ಚೀಲ ಹಿಡಿದವರು, ನಾಯಿ ಹಿಡಿದವರು. ನನ್ನ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ನಿಲ್ಲಲು ನಾಚಿಕೆಯಾಯಿತು. ಬಂಡೂ ಮಾಮಾ ಇಷ್ಟು ವರ್ಷ ಹೊತ್ತು ತಿರುಗಿದ ಭಾರ ಎಂಥದೆಂದು ಆಗ ತಿಳಿಯಿತು. ಪಾಪ, ಅವನಿಗೆ ಮುಂದೆ ನೋಡಿದರೂ ಹೆದರಿಕೆ, ಹಿಂದೆ ನೋಡಿದರೂ ಹೆದರಿಕೆ ಇದ್ದಿರಬೇಕು. "ನಡೀರಿ, ನಡೀರಿ," ಎಂದೆ. ಬೇರೆ ಏನು ಹೇಳಲಿ?

ಪುಂಗಿ ಹೋಗಿ ನಿಂತದ್ದು ಒಬ್ಬ ಬಿಲ್ಡರ್ ಕಟ್ಟಿಸಿದ ಮಾದರಿ ಫ್ಲಾಟಿನ ಮುಂದೆ. ಕಂಬದೆತ್ತರದ ಫಲಕದಲ್ಲಿ ನೀಲಿ ನೀರಿನ ಚಿತ್ರ, ನದಿಗೆ ಮುಖ ಮಾಡಿದ ಮನೆಗಳು ಎಂಬ ಬರಹ. ಟೈ ಕಟ್ಟಿದ ಹುಡುಗನೊಬ್ಬ ಎಲ್ಲರ ಕೈಗೂ ನಿಂಬೆಹಣ್ಣಿನ ಪಾನಕ ಕೊಡತೊಡಗಿದ. ಸುತ್ತ ನೋಡಿದೆ. ಮಣ್ಣು ತೋಡಿದ ಗುಂಡಿ ಬಿಟ್ಟರೆ ಏನೂ ಇರಲಿಲ್ಲ.

"ನದೀ ಕುಠೇ?" ಎಂದು ಕೇಳಿದೆ. ಜೀವನದಲ್ಲಿ ಎರಡನೆಯ ಸಲ ಪುಂಗಿಯ ಹಿಂದೆ ಬಂದವನಿಗೆ ಇಷ್ಟು ಕೇಳುವ ಹಕ್ಕಿದೆ. "ಸರ್, ಛತ್ತಿನ ಮೇಲಿಂದ ಕಾಣಸ್ತದ," ಎಂಬರ್ಥದ ಹಿಂದಿಯಲ್ಲಿ ಅವನು ಆಕಾಶ ತೋರಿಸಿದ. ಅಲ್ಲಿ ಇನ್ನೂ ಛತ್ತು ಇರಲಿಲ್ಲ. ಅಷ್ಟರಲ್ಲಿ ಕಾರ್ತಿಕ್, "ಅಂಕಲ್, ನೀವ್ ತಗೊಂಡ್ರೆ ನಾನೂ ಒಂದ್ ಬುಕ್ ಮಾಡ್ತೀನಿ," ಎಂದ. ಅವನ ಹಿಂದಿನವರು ನನ್ನನ್ನೇ ನೋಡುತ್ತಿದ್ದರು. ನಾನು ಪುಂಗಿಯವನ ನೆಟ್ಟಗಿನ ಬೆನ್ನನ್ನು ನೋಡಿದೆ. ಅದು ಸಿಪಾಯಿಯ ಬೆನ್ನೇ. ಪಾನಕ ಕೆಳಗಿಟ್ಟು ಗಾಳಿ ಎಳೆದೆ.

"ಪೀಛೇ... ಮುಡ್!"

ಬೂಟು ಟಕ್ಕೆಂದವು. ಪುಂಗಿಯವನು ಗಿರಕ್ಕನೆ ಹೊರಳಿ ಜನರ ಮೇಲೆಯೇ ನಡೆದ. ಟೈ ಕಟ್ಟಿದ ಹುಡುಗ ಪಾನಕದ ತಾಟು ಹಿಡಿದು ಕೂಗುತ್ತಲೇ ಉಳಿದ. ಇಡೀ ಸೊಸೈಟಿ ನಿಂತಲ್ಲೇ ತಿರುಗಿ ಮನೆಯ ದಾರಿ ಹಿಡಿಯಿತು, ಬಾಲ ಮುಂದಾಗಿ. ನಾನು ಕೊನೆಗೆ ಉಳಿದವನು, ಹಿಗ್ಗಿನಿಂದ ಹೆಜ್ಜೆ ಹಾಕುತ್ತ ದಿಬ್ಬಣದ ತಲೆಯತ್ತ ಕತ್ತು ಚಾಚಿದೆ.

ಎಲ್ಲರಿಗಿಂತ ಮುಂದೆ, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು, ನಗಾರಿಯ ತಾಳಕ್ಕೆ ಸರಿಯಾಗಿ, ಸುಮಿತ್ರಾ ನಡೆಯುತ್ತಿದ್ದಳು.

ಓಡಿ ಹೋಗಿ ಜೊತೆಗೂಡಿದೆ. "ಬುದ್ಧಿ ಇದ್ದಾಕಿ ನೀ! ನೀ ಹೆಂಗ ಬಂದಿ?"

ಅವಳು ಹೆಜ್ಜೆ ತಪ್ಪಿಸದೆ ಹೇಳಿದಳು. "ಲಗ್ನದ ದಿನಾನೂ ಪುಂಗಿ ಕೇಳಿ ನಾ ಎದ್ದಿದ್ದೆನ್ರಿ. ಚಿಕ್ಕಮ್ಮ ಸೀರಿ ನೆರಿಗಿಗೆ ಪಿನ್ನು ಹಾಕಲಿಕ್ಕ ಹಿಡಕೊಂಡ ನಿಂತಿದ್ಲು. ಇವತ್ತ ಹಿಡಕೊಳ್ಳಾಕ ಯಾರೂ ಇರಲಿಲ್ಲ."